ರಕ್ತದ ಸಾಕ್ಷ್ಯವನ್ನು ಎಷ್ಟು ನಂಬಬಹುದು?

ಸಕ್ಕರೆ ಕಾಯಿಲೆಯನ್ನು ಒಂದು ಹನಿ ರಕ್ತ ಹೇಳಿಬಿಡುತ್ತದೆ. ಕಾಮಾಲೆಯನ್ನೂ ರಕ್ತಹೀನತೆಯನ್ನೂ ರಕ್ತಪರೀಕ್ಷೆಯೇ ತಿಳಿಸುತ್ತದೆ. ಹಾಗಿರುವಾಗ ಸ್ತನದ ಕ್ಯಾನ್ಸರನ್ನೂ ಅದೇಕೆ ತಿಳಿಸಬಾರದು? ಭಾರತದ ಸ್ತ್ರೀಯರಲ್ಲಿ ಉಳಿದೆಲ್ಲ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುವ ವ್ಯಾಧಿ ಇದು. ತೋಳಿನಿಂದ ಸ್ವಲ್ಪ ರಕ್ತ ತೆಗೆಯಿಸಿಕೊಂಡು ನಿಶ್ಚಿಂತರಾಗಿ ಮನೆಗೆ ಮರಳುವಂತಿದ್ದರೆ ಎಷ್ಟೋ ಸಂಸಾರಗಳ ಕಳವಳ ಕಳೆಯುತ್ತಿತ್ತು. ಆದರೆ ಈ ವ್ಯಾಧಿಯಲ್ಲಿ ರಕ್ತವು ನುಡಿಯುವ ಸಾಕ್ಷ್ಯ ಬೇರೊಂದು ಬಗೆಯದು. ಅದನ್ನು ಯಾವಾಗ ಕೇಳಬೇಕು, ಯಾವಾಗ ಕೇಳಬಾರದು ಎಂಬುದು ಪ್ರತಿಯೊಂದು ಮನೆಯವರೂ ತಿಳಿದಿರತಕ್ಕ ವಿಷಯ.

ಅಂಕಿ ಹೇಳದ ಸಂಗತಿ

ಇಂತಹ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಸಿ.ಎ. 15-3’. ಸ್ತನದ ಹಾಲಿನ ನಾಳಗಳ ಜೀವಕೋಶಗಳು ತಮ್ಮ ಮೇಲ್ಮೈಯಲ್ಲಿ ‘ಮಕ್-1’ ಎಂಬ ಪ್ರೋಟೀನನ್ನು ಹೊದ್ದಿರುತ್ತವೆ. ಕೋಶಗಳು ಕ್ಯಾನ್ಸರಿಗೆ ತಿರುಗಿದಾಗ ಇದು ಮಿತಿಮೀರಿ ಹೆಚ್ಚಿ, ಇದರ ತುಣುಕುಗಳು ಕಳಚಿ ರಕ್ತಕ್ಕೆ ಸೇರುತ್ತವೆ. ಅಳೆಯುವುದು ಈ ತುಣುಕುಗಳನ್ನೇ. ಒಂದು ಮಿಲಿಲೀಟರ್ ರಕ್ತದ್ರವಕ್ಕೆ ಸುಮಾರು 30 ಯುನಿಟ್‌ಗಳನ್ನು ಅನೇಕ ಪ್ರಯೋಗಶಾಲೆಗಳು ಮೇಲಿನ ಮಿತಿಯೆಂದು ಇಟ್ಟುಕೊಂಡಿವೆ.

ತೊಡಕಿರುವುದು ಇಲ್ಲಿಯೇ. ಗಂಟು ಚಿಕ್ಕದಾಗಿರುವಾಗ, ಎಂದರೆ ಚಿಕಿತ್ಸೆ ಚೆನ್ನಾಗಿ ಫಲಿಸುವ ಕಾಲದಲ್ಲಿ, ಬಹುಪಾಲು ಸ್ತ್ರೀಯರಲ್ಲಿ ಈ ಅಂಕಿ ಮಿತಿಯೊಳಗೇ ಇರುತ್ತದೆ. ಮತ್ತೊಂದು ಕಡೆ, ಕ್ಯಾನ್ಸರೇ ಇಲ್ಲದ ಯಕೃತ್ತಿನ ರೋಗಗಳಲ್ಲಿ ಅದು ಏರಬಹುದು. ಏರಿದ ಅಂಕಿ ವೃಥಾ ಭಯವನ್ನು ತಂದೀತು. ಏರದ ಅಂಕಿ ಅದಕ್ಕಿಂತಲೂ ಕೇಡಾದ ವೃಥಾ ಧೈರ್ಯವನ್ನು ತಂದೀತು. ಗಂಟು ಕೈಗೆ ಸಿಕ್ಕಿದ್ದರೂ “ರಕ್ತದ ರಿಪೋರ್ಟು ಸರಿಯಾಗಿದೆ” ಎಂದು ಸುಮ್ಮನಾದವರು ಅಮೂಲ್ಯವಾದ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಆದುದರಿಂದಲೇ ಆರೋಗ್ಯವಂತರಲ್ಲಿ ರೋಗವನ್ನು ಹುಡುಕಲು ಈ ಪರೀಕ್ಷೆಯನ್ನು ವೈದ್ಯಶಾಸ್ತ್ರ ಒಪ್ಪಿಲ್ಲ.

ಉಪಯೋಗವೆಲ್ಲಿ?

ರೋಗವು ಮೂಳೆಗೋ ಯಕೃತ್ತಿಗೋ ಹರಡಿ, ಚಿಕಿತ್ಸೆ ನಡೆಯುತ್ತಿರುವಾಗ ಇದೇ ಅಂಕಿ ಒಳ್ಳೆಯ ಸಹಾಯಕ. ಅದು ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದನ್ನು ಸ್ಕ್ಯಾನಿನೊಡನೆ ಹೋಲಿಸಿ ವೈದ್ಯರು ಔಷಧಿಯ ಗುಣವನ್ನು ಅಂದಾಜು ಮಾಡುತ್ತಾರೆ. ಆಗಲೂ ಆತುರ ಸಲ್ಲದು. ಹೊಸ ಔಷಧಿಯ ಮೊದಲ 4ರಿಂದ 6 ವಾರಗಳಲ್ಲಿ, ಔಷಧಿ ಫಲಕಾರಿಯಾಗಿದ್ದರೂ, ಅಂಕಿ ತಾತ್ಕಾಲಿಕವಾಗಿ ಏರುವುದುಂಟು.

ಕ್ಯಾನ್ಸರಿನ ಕೋಶಗಳೇ ರಕ್ತದಲ್ಲಿ ಸಂಚರಿಸಬಲ್ಲವೆಂಬ ಸುಳಿವು 1869ರಷ್ಟು ಹಳೆಯದು. ಆ ವರ್ಷ ಆಸ್ಟ್ರೇಲಿಯದ ವೈದ್ಯ ಥಾಮಸ್ ಆಶ್‌ವರ್ತ್, ಕ್ಯಾನ್ಸರಿನಿಂದ ಮೃತನಾದ ರೋಗಿಯ ರಕ್ತದಲ್ಲಿ ಗಂಟಿನ ಕೋಶಗಳನ್ನೇ ಹೋಲುವ ಕೋಶಗಳನ್ನು ಕಂಡನು. ಸ್ತನದ ಕ್ಯಾನ್ಸರು ಹರಡಿದ ಸ್ತ್ರೀಯರ 7.5 ಮಿಲಿಲೀಟರ್ ರಕ್ತದಲ್ಲಿ ಇಂತಹ 5 ಅಥವಾ ಹೆಚ್ಚು ಕೋಶಗಳಿದ್ದರೆ ರೋಗ ಹೆಚ್ಚು ಉಗ್ರವೆಂದು 2004ರಲ್ಲಿ ಅಮೆರಿಕದ ವೈದ್ಯರು ತೋರಿಸಿಕೊಟ್ಟರು. ಚಿಕಿತ್ಸೆಯ ಬಳಿಕವೂ ಕೋಶಗಳು ಕಡಿಮೆಯಾಗದವರಿಗೆ ಔಷಧಿಯನ್ನು ಬೇಗನೆ ಬದಲಾಯಿಸಿದರೆ ಹೇಗೆ? ಅದನ್ನೂ ಪ್ರಯೋಗಿಸಿ ನೋಡಿದರು. 2014ರಲ್ಲಿ ಫಲಿತಾಂಶ ಹೊರಬಿತ್ತು: ಬದಲಾಯಿಸಿದುದರಿಂದ ಆಯುಸ್ಸು ಹೆಚ್ಚಲಿಲ್ಲ. ಮುನ್ಸೂಚನೆ ದೊರೆತ ಮಾತ್ರಕ್ಕೆ ಪರಿಹಾರ ದೊರೆಯುವುದಿಲ್ಲವೆಂಬ ಕಹಿ ಪಾಠ ಅದು.

ಹೊಸ ಭರವಸೆ

ಸಾಯುವ ಕ್ಯಾನ್ಸರ್ ಕೋಶಗಳು ತಮ್ಮ ಡಿ.ಎನ್.ಎ.ಯ ತುಣುಕುಗಳನ್ನೂ ರಕ್ತದಲ್ಲಿ ಚೆಲ್ಲುತ್ತವೆ. 2013ರಲ್ಲಿ ಪ್ರಕಟವಾದ ಕೇಂಬ್ರಿಜ್ ವಿಜ್ಞಾನಿಗಳ ಅಧ್ಯಯನದಲ್ಲಿ, ರೋಗ ಹರಡಿದ 30 ಸ್ತ್ರೀಯರ ಪೈಕಿ 29 ಮಂದಿಯಲ್ಲಿ ಈ ತುಣುಕುಗಳು ಸಿಕ್ಕವು, ಸಿ.ಎ. 15-3 ಏರಿದ್ದುದು 27 ಮಂದಿಯಲ್ಲಿ 21 ಮಂದಿಗೆ ಮಾತ್ರ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದಂತೆ ಕ್ಯಾನ್ಸರು ಮಾರ್ಪಟ್ಟಿದ್ದರೆ, ಅದರ ಗುರುತನ್ನೂ ಇವು ತೋರಿಸಬಲ್ಲವು. ‘ಇ.ಎಸ್.ಆರ್.-1’ ಎಂಬ ಜೀನಿನ ಅಂತಹ ಮಾರ್ಪಾಡು ಉಳ್ಳವರಿಗಾಗಿ ‘ಎಲಾಸೆಸ್ಟ್ರಾಂಟ್’ ಎಂಬ ಔಷಧಿಗೆ 2023ರ ಜನವರಿಯಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಅದಕ್ಕೆ ಅರ್ಹರನ್ನು ಆರಿಸುವ ರಕ್ತಪರೀಕ್ಷೆಗೂ ಜೊತೆಯಲ್ಲೇ ಒಪ್ಪಿಗೆ ದೊರೆಯಿತು. ಹೀಗೆ ರಕ್ತದ ಮಾತು ಔಷಧಿಯ ಆಯ್ಕೆಗೆ ನೇರವಾಗಿ ದಾರಿ ತೋರಿತು.

ಮನೆಯವರು ಮಾಡಬೇಕಾದುದೇನು?

ಸ್ತನದಲ್ಲಿ ಗಂಟು, ಒಳಕ್ಕೆ ಸೆಳೆದ ಚರ್ಮ, ತೊಟ್ಟಿನಿಂದ ಒಸರುವ ರಕ್ತ — ಇವುಗಳಲ್ಲಿ ಒಂದು ಕಂಡರೂ ವೈದ್ಯರಲ್ಲಿಗೆ ಹೋಗತಕ್ಕದ್ದು. ಅವರು ಕೈಯಿಂದ ಪರೀಕ್ಷಿಸಿ, ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್ ಮಾಡಿಸಿ, ಸಂಶಯವಿದ್ದರೆ ಸೂಜಿಯಿಂದ ಗಂಟಿನ ಚೂರನ್ನು ತೆಗೆದು ನೋಡುತ್ತಾರೆ. ರೋಗಲಕ್ಷಣವಿಲ್ಲದವರಿಗೂ, 30ರಿಂದ 65 ವಯಸ್ಸಿನೊಳಗೆ 5 ವರ್ಷಗಳಿಗೊಮ್ಮೆ ಸ್ತನದ ತಪಾಸಣೆಯಾಗಬೇಕೆಂದು ಭಾರತ ಸರಕಾರದ 2016ರ ಮಾರ್ಗಸೂಚಿ ತಿಳಿಸುತ್ತದೆ. ನಾಚಿಕೆಯಿಂದಲೋ ಅಂಜಿಕೆಯಿಂದಲೋ ಗಂಟನ್ನು ಮುಚ್ಚಿಟ್ಟು ರಕ್ತದ ಚೀಟಿಯಲ್ಲಿ ಸಮಾಧಾನ ಹುಡುಕುವ ತಾಯಿಯನ್ನೋ ಅಕ್ಕನನ್ನೋ ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ಯುವುದೇ ಮನೆಯವರು ಮಾಡಬಹುದಾದ ದೊಡ್ಡ ಉಪಕಾರ.