ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಮನುಷ್ಯನ ಪ್ರೊಟೀನು

ಫ್ಲೂ ಜ್ವರ ಬಂದರೆ ಮೈಕೈ ನೋವು, ಚಳಿ, ಸುಸ್ತು ತಪ್ಪಿದ್ದಲ್ಲ. ಇದೆಲ್ಲ ವೈರಸ್‌ನ ಹಾವಳಿ ಎಂದೇ ನಾವು ತಿಳಿಯುತ್ತೇವೆ. ಆದರೆ ಈ ನರಳಾಟದಲ್ಲಿ ನಮ್ಮ ದೇಹವೇ ತಯಾರಿಸುವ ಕೆಲವು ಪ್ರೊಟೀನುಗಳ ಪಾಲೂ ಇದೆ. ಅವುಗಳಲ್ಲಿ ಮುಖ್ಯವಾದುದು ಇಂಟರ್‌ಫೆರಾನ್.

ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನನ್ನು ಹೊರಕ್ಕೆ ಬಿಡುತ್ತದೆ. 'ನಮ್ಮ ಮನೆಗೆ ಕಳ್ಳ ನುಗ್ಗಿದ್ದಾನೆ, ನೀವು ಬಾಗಿಲು ಹಾಕಿಕೊಳ್ಳಿ' ಎಂದು ನೆರೆಹೊರೆಗೆ ಕೂಗಿ ಹೇಳಿದಂತೆ! ಸುದ್ದಿ ತಲುಪಿದ ಅಕ್ಕಪಕ್ಕದ ಜೀವಕೋಶಗಳಲ್ಲಿ ನೂರಾರು ಜೀನ್‌ಗಳು ಎಚ್ಚೆತ್ತು, ವೈರಸ್ ಒಳಬಂದರೂ ಬೆಳೆಯದಂತೆ ತಡೆಯುತ್ತವೆ.

ಇಂದು ಈ ಪ್ರೊಟೀನು ಪುಟ್ಟ ಸೀಸೆಗಳಲ್ಲಿ ಸಂಶೋಧನಾಲಯಗಳಿಗೆ ಬರುತ್ತದೆ. ಸೀಸೆಯ ಮೇಲೆ 'ಮಾನವ ಇಂಟರ್‌ಫೆರಾನ್' ಎಂದು ಬರೆದಿರುತ್ತದೆ. ಆದರೆ ಅದರಲ್ಲಿ ಹೆಚ್ಚಿನದು ಯಾವ ಮನುಷ್ಯನ ದೇಹದಿಂದಲೂ ಬಂದುದಲ್ಲ. ಇದು ಹೇಗೆ ಸಾಧ್ಯವಾಯಿತು?

ಕೋಳಿಮೊಟ್ಟೆಯಿಂದ ಆರಂಭ

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಝಾನ್ ಲಿಂಡೆನ್‌ಮನ್ ಒಂದು ಸರಳ ಪ್ರಯೋಗ ಮಾಡಿದರು. ಭ್ರೂಣವಿರುವ ಕೋಳಿಮೊಟ್ಟೆಯ ಒಳಪೊರೆಯ ಚೂರುಗಳನ್ನು, ಬಿಸಿಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್‌ನೊಡನೆ ದ್ರವದಲ್ಲಿ ಇರಿಸಿದರು. ಆಮೇಲೆ ದ್ರವವನ್ನಷ್ಟೇ ತೆಗೆದು ಹೊಸ ಪೊರೆಗಳಿಗೆ ಹಾಕಿದರು. ಈ ಪೊರೆಗಳಲ್ಲಿ ಜೀವಂತ ವೈರಸ್ ಕೂಡ ಸರಿಯಾಗಿ ಬೆಳೆಯಲಿಲ್ಲ. ದ್ರವದಲ್ಲಿ ವೈರಸ್‌ಗೆ ಅಡ್ಡಿಮಾಡುವ ವಸ್ತುವೊಂದಿತ್ತು. 'ಅಡ್ಡಿ' ಎಂಬರ್ಥದ ಇಂಗ್ಲಿಷ್ ಪದದಿಂದಲೇ ಅದಕ್ಕೆ ಹೆಸರು ಬಂತು. ಜಪಾನಿನ ನಾಗಾನೊ ಮತ್ತು ಕೊಜಿಮಾ ಅವರಿಗೆ 1954ರಲ್ಲೇ ಇಂಥದೊಂದು ವಸ್ತುವಿನ ಸುಳಿವು ಸಿಕ್ಕಿತ್ತು.

ತೊಡಕು ಶುರುವಾದದ್ದು ಆಮೇಲೆ. ಕೋಳಿಯ ಇಂಟರ್‌ಫೆರಾನ್ ಮನುಷ್ಯನ ಜೀವಕೋಶಗಳ ಮೇಲೆ ಕೆಲಸ ಮಾಡುವುದಿಲ್ಲ. ಮನುಷ್ಯನದೇ ಬೇಕು. ಫಿನ್ಲೆಂಡಿನ ಕಾರಿ ಕಾಂಟೆಲ್ ರಕ್ತದಾನಿಗಳ ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವಕ್ಕೆ ಸೆಂಡಾಯ್ ವೈರಸ್ ಸೋಂಕಿಸಿ ಇಂಟರ್‌ಫೆರಾನ್ ಪಡೆದರು. ಸಾವಿರಾರು ಲೀಟರ್ ರಕ್ತ ಬಳಸಿದರೂ ಸಿಗುತ್ತಿದ್ದುದು ಚಿಟಿಕೆಯಷ್ಟು. ಅದರಲ್ಲೂ ನಿಜವಾದ ಇಂಟರ್‌ಫೆರಾನ್ ಶೇಕಡ 1ಕ್ಕಿಂತ ಕಡಿಮೆ! ಹಾಗಾದರೆ ಪ್ರಯೋಗದಲ್ಲಿ ಕಂಡ ಪರಿಣಾಮ ಆ ಒಂದು ಪಾಲಿನದೋ, ಉಳಿದ ತೊಂಬತ್ತೊಂಬತ್ತು ಪಾಲಿನದೋ? ಖಚಿತವಾಗಿ ಹೇಳುವುದು ಕಷ್ಟವಾಗಿತ್ತು.

ಬ್ಯಾಕ್ಟೀರಿಯಾಕ್ಕೆ ಹೊಸ ಪಾಠ

1980ರಲ್ಲಿ ಪರಿಸ್ಥಿತಿ ಬದಲಾಯಿತು. ಜ್ಯೂರಿಕ್ ವಿಶ್ವವಿದ್ಯಾಲಯದ ಚಾರ್ಲ್ಸ್ ವೈಸ್‌ಮನ್ ಮತ್ತು ಸಂಗಡಿಗರು ಮಾನವ ಇಂಟರ್‌ಫೆರಾನ್‌ನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸುವುದರಲ್ಲಿ ಯಶಸ್ವಿಯಾದರು. ಜೀನ್ ಎಂದರೆ ಪ್ರೊಟೀನು ತಯಾರಿಸುವ ಬರಹ. ಬಿಳಿ ರಕ್ತಕಣದಲ್ಲಿದ್ದ ಆ ಬರಹವನ್ನು ನಕಲು ಮಾಡಿ, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಜೋಡಿಸಿ, ನಮ್ಮ ಕರುಳಿನಲ್ಲೂ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಬರಹ ಯಾರದೆಂದು ಬ್ಯಾಕ್ಟೀರಿಯಾ ಕೇಳುವುದಿಲ್ಲ, ಓದಿದಂತೆ ತಯಾರಿಸುತ್ತದೆ. ಒಳ್ಳೆಯ ಆಹಾರ, ಹದವಾದ ಶಾಖ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹೀಗೆ ತಯಾರಾದುದಕ್ಕೆ 'ರೀಕಾಂಬಿನೆಂಟ್' ಪ್ರೊಟೀನು ಎನ್ನುತ್ತಾರೆ.

ಆಮೇಲೆ ಬ್ಯಾಕ್ಟೀರಿಯಾವನ್ನು ಒಡೆದು ಪ್ರೊಟೀನನ್ನು ಶುದ್ಧಿ ಮಾಡಬೇಕು. ಬ್ಯಾಕ್ಟೀರಿಯಾದ ಹೊರಪದರದಲ್ಲಿರುವ ಎಂಡೋಟಾಕ್ಸಿನ್ ಎಂಬ ವಸ್ತುವನ್ನೂ ತೆಗೆಯಬೇಕು. ಅದು ಎಳ್ಳಿನ ಮೊನೆಗಿಂತ ಕಡಿಮೆ ಉಳಿದರೂ ಬಿಳಿ ರಕ್ತಕಣಗಳು ಕೆರಳುತ್ತವೆ. ಸಂಶೋಧಕ ಮಾತ್ರ 'ಇದು ಇಂಟರ್‌ಫೆರಾನ್ ಪ್ರಭಾವ' ಎಂದುಕೊಂಡು ಮೋಸ ಹೋಗಬಹುದು.

ಕೋವಿಡ್ ಕಾಲದ ಒಂದು ಪತ್ತೆ

ಶುದ್ಧ ಪ್ರೊಟೀನಿನ ಬೆಲೆ ಗೊತ್ತಾಗಲು 2020ರ ಒಂದು ಪ್ರಯೋಗ ನೋಡಿ. ಒಂದೇ ವೈರಸ್ ಕೆಲವರಿಗೆ ನೆಗಡಿಯಾಗಿ ಹೋದರೆ, ಕೆಲವರ ಪ್ರಾಣಕ್ಕೇ ಎರವಾಯಿತು. ಏಕೆ? ಝಾನ್-ಲೋರಾ ಕಾಸನೋವಾ ನೇತೃತ್ವದ ವಿಜ್ಞಾನಿಗಳು ರೋಗಿಗಳ ಪ್ಲಾಸ್ಮಾವನ್ನು ಶುದ್ಧ ಇಂಟರ್‌ಫೆರಾನ್ ಜೊತೆ ಬೆರೆಸಿ ಜೀವಕೋಶಗಳಿಗೆ ಹಾಕಿದರು. ಕೆಲವರ ಪ್ಲಾಸ್ಮಾ ಬೆರೆತಾಗ ಎಚ್ಚರಿಕೆಯ ಸುದ್ದಿ ಜೀವಕೋಶಕ್ಕೆ ತಲುಪಲೇ ಇಲ್ಲ! ಆ ರೋಗಿಗಳ ದೇಹ ತನ್ನದೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿತ್ತು. ಕಳ್ಳ ಬಂದಾಗ ಕೂಗುವವನ ಬಾಯಿಯನ್ನೇ ಕಟ್ಟಿದಂತೆ. ತೀವ್ರ ನ್ಯುಮೋನಿಯಾ ಇದ್ದ 987 ಮಂದಿಯಲ್ಲಿ 101 ಮಂದಿಗೆ ಹೀಗಿತ್ತು; ಅವರಲ್ಲಿ 95 ಮಂದಿ ಗಂಡಸರು. ಆರೋಗ್ಯವಂತರಾದ 1,227 ಮಂದಿಯಲ್ಲಿ ಹೀಗಿದ್ದುದು ಕೇವಲ ನಾಲ್ವರಿಗೆ. ಹಿಂದಿನ ಕಲಬೆರಕೆ ದ್ರಾವಣ ಬಳಸಿದ್ದರೆ ಪ್ರತಿಕಾಯ ಯಾವ ಪ್ರೊಟೀನಿಗೆ ಅಂಟಿತೆಂದು ಹೇಳುವುದೇ ಕಷ್ಟವಾಗುತ್ತಿತ್ತು.

ಸೀಸೆಯೇ ಔಷಧವಲ್ಲ

ಬ್ಯಾಕ್ಟೀರಿಯಾ ತಯಾರಿಸಿದ ಇಂಟರ್‌ಫೆರಾನ್ ಔಷಧವಾಗಿಯೂ ಬಂದಿದೆ. ಅಪರೂಪದ ಒಂದು ರಕ್ತ ಕ್ಯಾನ್ಸರಿಗೆ ಅಮೆರಿಕ 1986ರಲ್ಲಿ ಅದನ್ನು ಅಂಗೀಕರಿಸಿತು. ಎಲ್ಲ ಕ್ಯಾನ್ಸರಿಗೂ ಇದೇ ರಾಮಬಾಣವೆಂದು ಹಬ್ಬಿದ್ದ ಆಸೆ ಮಾತ್ರ ಫಲಿಸಲಿಲ್ಲ.

ಸಂಶೋಧನಾಲಯದ ಸೀಸೆಯ ಮೇಲೆ 'ಸಂಶೋಧನೆಗೆ ಮಾತ್ರ' ಎಂಬ ಸೂಚನೆ ಇರುತ್ತದೆ. ಒಳಗಿನ ಪ್ರೊಟೀನು ಅದೇ ಇರಬಹುದು. ಆದರೆ ಔಷಧವಾಗಬೇಕಾದರೆ ಕ್ರಿಮಿರಹಿತ ತಯಾರಿಕೆ, ಪ್ರಮಾಣದ ನಿಗದಿ, ರೋಗಿಗಳ ಮೇಲಿನ ಪರೀಕ್ಷೆ, ಸರ್ಕಾರದ ಒಪ್ಪಿಗೆ ಇವೆಲ್ಲ ಆಗಬೇಕು. 'ಪ್ರಯೋಗಾಲಯದಲ್ಲಿ ವೈರಸ್ ತಡೆದ ಪ್ರೊಟೀನು' ಎಂಬ ಸುದ್ದಿ ಓದಿದಾಗ ತಂದೆತಾಯಿಗಳು ಈ ಅಂತರವನ್ನು ನೆನಪಿಡುವುದು ಒಳ್ಳೆಯದು.

ವಿದ್ಯಾರ್ಥಿಗಳಿಗೂ ಇಲ್ಲೊಂದು ಪಾಠವಿದೆ. ಪ್ರಯೋಗದಲ್ಲಿ ಬಯಸಿದ ಫಲ ಬಂದ ಕೂಡಲೇ ಹಿಗ್ಗಬೇಡಿ. ಇದು ನಾನು ಹಾಕಿದ ವಸ್ತುವಿನಿಂದ ಬಂತೇ, ಅದರ ಜೊತೆ ಸೇರಿಕೊಂಡ ಬೇರೇನಾದರಿಂದ ಬಂತೇ ಎಂದು ಮೊದಲು ಕೇಳಿಕೊಳ್ಳಿ.