ತುಟ್ಟಿಯ ಕಾಲದ ಅಡಿಗೆಮನೆ

ದಿನಸಿಯ ಬೆಲೆ ಏರಿದಾಗಲೆಲ್ಲ ಉಪದೇಶವೊಂದು ಮಾತ್ರ ಅಗ್ಗವಾಗುವುದು. ಎಣ್ಣೆಯನ್ನು ಹಿಡಿದು ಬಳಸಿರಿ, ಬೇಳೆಗೆ ನೀರು ಹೆಚ್ಚಿಸಿರಿ, ಹಾಲಿಗೆ ಮಿತಿಯಿಡಿರಿ ಎಂದು ಗೃಹಿಣಿಯರಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಇದ್ದುದರಲ್ಲಿಯೇ ಮನೆಮಂದಿಗೆಲ್ಲ ಉಣಬಡಿಸುವವಳಿಗೆ ಮಿತವ್ಯಯವನ್ನು ಕಲಿಸಹೊರಡುವುದು ಮೀನಿಗೆ ಈಜು ಕಲಿಸಿದಂತೆಯೇ ಸರಿ. ಆಕೆಯಿಂದ ನಾವು ಕಲಿಯಬೇಕಾದುದೇನು, ಆಕೆಯ ಜಾಣ್ಮೆಯೂ ಸೋಲುವುದೆಲ್ಲಿ ಎಂಬುದನ್ನು ವಿಚಾರಿಸುವುದೇ ನಮ್ಮ ಉದ್ದೇಶ.

ಕಳೆದ ಕೆಲವು ವರ್ಷಗಳ ಲೆಕ್ಕವನ್ನು ವಾಚಕರು ಮರೆತಿರಲಾರರು. 2023ನೆಯ ಇಸವಿಯ ಜುಲೈಯಲ್ಲಿ ಬೆಂಗಳೂರಿನ ಸುತ್ತಮುತ್ತ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿಯ ಗಡಿಯನ್ನು ದಾಟಿತು. ಅದೇ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 200ಕ್ಕೂ ಮಿಕ್ಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು, ತೊಗರಿಬೇಳೆ ತುಟ್ಟಿಯಾಯಿತು. 2024ನೆಯ ಸೆಪ್ಟೆಂಬರಿನಲ್ಲಿ ಖಾದ್ಯತೈಲಗಳ ಆಮದು ಸುಂಕ ಏರಿತು. ದೇಶವು ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವುದಾದ ಕಾರಣ, ಅದರ ಬಿಸಿ ನೇರವಾಗಿ ಬಾಣಲೆಗೆ ತಟ್ಟಿತು. 2025ನೆಯ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಿತು. ಏರಿದ ಬೆಲೆಗಳಲ್ಲಿ ಕೆಲವು ಇಳಿದುದೂ ಉಂಟು. ಆದರೆ ದೊಡ್ಡಬಳ್ಳಾಪುರದ ಮಗ್ಗದ ಕೂಲಿಕಾರನಾಗಲಿ, ನೆಲಮಂಗಲದ ಗುಮಾಸ್ತನಾಗಲಿ ಬೆಲೆ ಇಳಿಯುವವರೆಗೆ ಹಸಿವನ್ನು ಮುಂದೂಡಬಲ್ಲರೆ?

ಇಂತಹ ಕಾಲಕ್ಕೆ ನಮ್ಮ ಸೀಮೆಯ ಅಡಿಗೆಯಲ್ಲಿಯೇ ಉತ್ತರವಿದೆ. ಬಸ್ಸಾರನ್ನು ನೋಡಿರಿ. ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಕಟ್ಟನ್ನು ಬಸಿದು, ಅದಕ್ಕೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆಯಲ್ಲಿ ಎರಡು ವ್ಯಂಜನ. ಬೆಂದ ನೀರಿನ ಸಾರವೂ ಚರಂಡಿಯ ಪಾಲಾಗದು. ಹುಳಿಗೆ ಹುಣಿಸೆಯುಂಟು, ನಮ್ಮ ಸಾರಿಗೆ ಟೊಮ್ಯಾಟೊ ಈಚೆಗೆ ಬಂದ ಅತಿಥಿ, ಅದು ದುಬಾರಿಯಾದ ತಿಂಗಳಲ್ಲಿ ಬೀಳ್ಕೊಟ್ಟರೆ ತಪ್ಪೇನಿಲ್ಲ. ತೊಗರಿ ಕೈಗೆಟುಕದಾಗ ಹುರುಳಿಕಟ್ಟಿನ ಸಾರುಂಟು, ಅಲಸಂದೆಯುಂಟು, ಮಾಗಿಯಲ್ಲಿ ಅವರೆಯುಂಟು. ಶಿವರಾತ್ರಿಯ ಆಸುಪಾಸಿನಲ್ಲಿ ಹೊಸ ಹುಣಿಸೆಯನ್ನೂ ಸುಗ್ಗಿಯಲ್ಲಿ ರಾಗಿಯನ್ನೂ ವರ್ಷಕ್ಕಾಗುವಷ್ಟು ಕೊಳ್ಳುವ ಹಿರಿಯರ ಪದ್ಧತಿಯು ವಾರವಾರವೂ ಪೊಟ್ಟಣ ಕೊಳ್ಳುವ ನಮ್ಮ ನಾಗರಿಕತೆಗಿಂತ ಬುದ್ಧಿವಂತಿಕೆಯದು. ರಾಗಿಯನ್ನು ಬಡವರ ಧಾನ್ಯವೆಂದು ಮೂಗುಮುರಿದವರಿಗೆ ಒಂದು ಮಾತು: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವಿರುವುದು, ಬಿಳಿಯ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಆದರೆ ಮಿತವ್ಯಯ ಬೇರೆ, ಅರೆಹೊಟ್ಟೆ ಬೇರೆ. ಕೊಳ್ಳುವ ವಸ್ತುವನ್ನು ಬದಲಿಸುವುದು ಮಿತವ್ಯಯ. ಉಣ್ಣುವವರ ಪಾಲನ್ನು ಕಡಿಯುವುದು ಅರೆಹೊಟ್ಟೆ. ಪಾಲು ಕಡಿದಾಗ ಅದು ಯಾರ ತಟ್ಟೆಯಿಂದ ಹೋಗುವುದೆಂಬುದನ್ನು ನಾವು ಗಂಡಸರು ಕೇಳುವ ಅಭ್ಯಾಸವಿಲ್ಲ. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಕೂಡುವವಳಿಗೆ ತಳದ ತಿಳಿಸಾರು ಮಾತ್ರ ಉಳಿಯುವುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಇದಕ್ಕೆ ಕಾರಣಗಳು ಹಲವು. ಆದರೆ ಕಾಳು ಸೊಪ್ಪುಗಳಿಲ್ಲದ ಊಟ ಅವುಗಳಲ್ಲೊಂದೆಂಬುದರಲ್ಲಿ ಸಂಶಯವಿಲ್ಲ.

ಹಾಗಾದರೆ ಹಿಂದೆ ಬಡವನ ಮುದ್ದೆಗೆ ಕಾಳು ಎಲ್ಲಿಂದ ಬರುತ್ತಿದ್ದಿತು? ಅಂಗಡಿಯಿಂದಲ್ಲ, ರಾಗಿಯ ಹೊಲದಿಂದಲೇ. ನಮ್ಮ ಸೀಮೆಯ ರೈತನು ರಾಗಿಯ ನಡುನಡುವೆ ಅಕ್ಕಡಿ ಸಾಲುಗಳನ್ನು ಬಿಟ್ಟು, ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳಗಳನ್ನು ಬಿತ್ತುತ್ತಿದ್ದನು. ಮಳೆ ಒಂದಕ್ಕೆ ಮುನಿದರೆ ಇನ್ನೊಂದಕ್ಕೆ ಒಲಿಯುತ್ತಿದ್ದಿತು. ಸಾರಿಗೆ ಬೇಳೆ, ಚಟ್ನಿಗೆ ಹುಚ್ಚೆಳ್ಳು, ಒಗ್ಗರಣೆಗೆ ಸಾಸಿವೆ, ದನಕ್ಕೆ ಮೇವು ಎಲ್ಲವೂ ಒಂದೇ ಹೊಲದಲ್ಲಿ ದೊರೆಯುತ್ತಿದ್ದವು. ಬದುವಿನ ಮೇಲೆ ಬೆರಕೆ ಸೊಪ್ಪು ಕೇಳದೆಯೇ ಬೆಳೆಯುತ್ತಿದ್ದಿತು. ಈಗ ಎಷ್ಟೋ ಕಡೆ ಆ ಸಾಲುಗಳು ಅಳಿದಿವೆ. ಹೊಲಗಳು ನೀಲಗಿರಿ ತೋಪುಗಳಾಗಿವೆ, ನಿವೇಶನಗಳಾಗಿವೆ. ಬೆಳೆಯುತ್ತಿದ್ದವನೇ ಈಗ ಕೊಳ್ಳುವವನಾಗಿ, ಮ್ಯಾನ್ಮಾರ್ ಮೊಜಾಂಬಿಕ್‌ಗಳಿಂದ ಹಡಗಿನಲ್ಲಿ ಬರುವ ತೊಗರಿಯ ಬೆಲೆಗೆ ಕಾದು ನಿಂತಿದ್ದಾನೆ. ಗೃಹಿಣಿಯ ಜಾಣ್ಮೆ ಸೋಲುವುದು ಇಲ್ಲಿ. ಹೊಲದಲ್ಲಿ ಕಳೆದುದನ್ನು ಆಕೆ ಒಲೆಯ ಮುಂದೆ ಗಳಿಸಲಾರಳು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮಿಕ್ಕು ಧರಣಿ ಕುಳಿತುದನ್ನು ಕೇವಲ ಭೂಮಿಯ ವ್ಯಾಜ್ಯವೆಂದು ಪಟ್ಟಣಿಗರು ಬಗೆದರು. 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರವು 2025ನೆಯ ಜುಲೈ 15ರಂದು ಪ್ರಕಟಿಸಿತು. ಅದು ನಮ್ಮ ತರಕಾರಿ ಚೀಲದ ವಿಷಯವೂ ಆಗಿದ್ದಿತೆಂಬುದನ್ನು ನಾವು ತಿಳಿಯಬೇಕು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. 2025-26ನೆಯ ಸಾಲಿಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತಾಗಿದೆ, ಒಳ್ಳೆಯದು. ಅಕ್ಕಡಿ ಸಾಲಿನ ಅವರೆ, ಹುರುಳಿ, ಹುಚ್ಚೆಳ್ಳುಗಳನ್ನೂ ಊರಿನಲ್ಲಿಯೇ ಕೊಂಡು, ಅಂಗನವಾಡಿಗೂ ಶಾಲೆಯ ಬಿಸಿಯೂಟಕ್ಕೂ ಒದಗಿಸಿದರೆ ರೈತನಿಗೆ ಪೇಟೆಯೂ ಮಗುವಿಗೆ ಕಾಳೂ ದೊರೆಯುವುವು. ಇನ್ನು ಗೃಹಸ್ಥರಾದ ವಾಚಕರಲ್ಲಿ ಒಂದು ಮಾತು. ಚೀಲ ಹಿಡಿದು ಸಂತೆಗೆ ನೀವೇ ಹೋಗಿರಿ, ಬೆಲೆಯ ಅರಿವಾಗುವುದು. ಇಂದಿನ ರಾತ್ರಿ ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಿರಿ. ಬಡಿಸಿದವಳ ತಟ್ಟೆಯಲ್ಲಿಯೂ ಕಾಳು ಇದ್ದರೆ, ನಿಮ್ಮ ಮನೆಯ ಮಿತವ್ಯಯ ಸರಿಯಾದುದೆಂದು ತಿಳಿಯಿರಿ.