ಲಾಗ್ ಔಟ್ ಮಾಡದಿದ್ದರೆ ಏನಾಗುತ್ತದೆ?

ಪ್ರಶ್ನೆ: ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇಮೇಲ್ ನೋಡಿದ ಮೇಲೆ ಬ್ರೌಸರ್ ಮುಚ್ಚಿದರೆ ಸಾಲದು, ಲಾಗ್ ಔಟ್ ಮಾಡಲೇಬೇಕು ಎನ್ನುತ್ತಾರೆ. ಯಾಕೆ?

ಉತ್ತರ: ನೀವು ಪಾಸ್‌ವರ್ಡ್ ಕೊಟ್ಟು ಒಳಹೋದ ಕೂಡಲೇ ಜಾಲತಾಣವು ಬ್ರೌಸರಿಗೆ ‘ಕುಕಿ’ ಎಂಬ ಪುಟ್ಟ ಗುರುತು ಕೊಡುತ್ತದೆ. ಇದು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದ ಹಾಗೆ. ಟೋಕನ್ ಕೊಟ್ಟವರಿಗೆ ಚಪ್ಪಲಿ ಸಿಗುತ್ತದೆ, ಅಲ್ಲಿ ಯಾರೂ ಮುಖ ನೋಡುವುದಿಲ್ಲ. ಆಮೇಲೆ ಪುಟ ತೆರೆದಾಗಲೆಲ್ಲ ಬ್ರೌಸರ್ ಆ ಕುಕಿಯನ್ನು ತೋರಿಸುತ್ತದೆ, ತಾಣ ಪಾಸ್‌ವರ್ಡ್ ಮತ್ತೆ ಕೇಳುವುದಿಲ್ಲ. ಬ್ರೌಸರ್ ಮುಚ್ಚಿದರೆ ಪುಟ ಮರೆಯಾಗುತ್ತದೆ, ಆದರೆ ಕುಕಿ ಕಂಪ್ಯೂಟರಿನಲ್ಲೇ ಉಳಿದಿರಬಹುದು. ಮುಂದೆ ಬಂದು ಕೂತವರು ಅದೇ ತಾಣ ತೆರೆದರೆ ಕಾಣುವುದು ನಿಮ್ಮ ಇನ್‌ಬಾಕ್ಸ್! ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೂ ಅಲ್ಲಿಗೇ ಬರುವುದರಿಂದ ಅಪಾಯ ಸಣ್ಣದಲ್ಲ. ಲಾಗ್ ಔಟ್ ಒತ್ತಿದಾಗ ಆ ಟೋಕನ್ ರದ್ದಾಗುತ್ತದೆ.

‘ಇನ್‌ಕಾಗ್ನಿಟೊ’ ಎಂಬ ಖಾಸಗಿ ಬ್ರೌಸರ್ ಕಿಟಕಿಯಲ್ಲಿ ಕೆಲಸ ಮಾಡಿದರೆ, ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಕುಕಿಗಳು ತಾವೇ ಅಳಿಯುತ್ತವೆ. ಆದರೆ ಇಳಿಸಿಕೊಂಡ ಕಡತಗಳು ಅಳಿಯುವುದಿಲ್ಲ. ಅಂಕಪಟ್ಟಿ, ಆಧಾರ್ ಪ್ರತಿ ಮುದ್ರಿಸಿದ ಮೇಲೆ ‘ಡೌನ್‌ಲೋಡ್ಸ್’ ಫೋಲ್ಡರಿನಿಂದ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಲಾಗ್ ಔಟ್ ಮರೆತು ಮನೆಗೆ ಬಂದಿದ್ದೀರಾ? ಗೂಗಲ್ ಖಾತೆಯಾದರೆ ಭದ್ರತೆಯ ಸೆಟ್ಟಿಂಗ್ಸ್‌ಗೆ ಹೋಗಿ ಮೊಬೈಲಿನಿಂದಲೇ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಬಹುದು. ತಡಮಾಡಬೇಡಿ.